ಕೇಳದೆ ಬಂದ ಆವೃತ್ತಿ

ಗೋಧಿ ಒಗ್ಗದ ಮಗುವಿಗಾಗಿ ಸಾರು ಮಾಡುವಾಗ ಯಾರೂ ಅದಕ್ಕೆ ಗೋಧಿ ಹಾಕುವುದಿಲ್ಲ. ಆದರೆ ಅಂಗಡಿಯಿಂದ ತಂದ ಸಾರಿನ ಪುಡಿಯಲ್ಲಿ ಇಂಗು ಇರುತ್ತದೆ; ಆ ಇಂಗಿನಲ್ಲಿ ಮೈದಾ ಬೆರೆತಿರಬಹುದು. ನಾವು ಹಾಕದ ಪದಾರ್ಥ ತಟ್ಟೆಗೆ ಬರುವುದು ಹೀಗೆ. ಇಂದಿನ ತಂತ್ರಾಂಶಗಳ ಕತೆಯೂ ಇದೇ.

ಜಾವಾ ಭಾಷೆಯಲ್ಲಿ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು ಎಲ್ಲವನ್ನೂ ತಾವೇ ಬರೆಯುವುದಿಲ್ಲ. ಬೇರೆಯವರು ಬರೆದಿಟ್ಟ ಸಿದ್ಧ ಭಾಗಗಳನ್ನು, ಅಂದರೆ ಲೈಬ್ರರಿಗಳನ್ನು, ಬಳಸಿಕೊಳ್ಳುತ್ತಾರೆ. ಅವನ್ನು ತರಿಸಿ ಜೋಡಿಸುವ ಸಾಧನಗಳಲ್ಲಿ ಹೆಸರಾದದ್ದು 'ಅಪಾಚೆ ಮೇವನ್'. ಬೇಕಾದ ಲೈಬ್ರರಿಯ ಹೆಸರನ್ನೂ ಆವೃತ್ತಿಯ ಸಂಖ್ಯೆಯನ್ನೂ 'ಪಾಮ್' ಎಂಬ ಕಡತದಲ್ಲಿ ಬರೆದರೆ ಸಾಕು. 2005ರಲ್ಲಿ ಬಂದ ಮೇವನ್ 2, ಆ ಲೈಬ್ರರಿಗಳಿಗೆ ಬೇಕಾದ ಇತರ ಲೈಬ್ರರಿಗಳನ್ನೂ ತಾನಾಗಿಯೇ ತರತೊಡಗಿತು. ನಾಲ್ಕು ಹೆಸರು ಬರೆದರೆ ನಲವತ್ತು ಬಂದು ಸೇರುವುದುಂಟು.

ತೊಡಕು ಇರುವುದು ಇಲ್ಲೇ. ಒಂದೇ ಲೈಬ್ರರಿಯ ಬೇರೆ ಬೇರೆ ಆವೃತ್ತಿಗಳನ್ನು ಎರಡು ಕಡೆಯಿಂದ ಕೇಳಿದರೆ ಯಾವುದು ಬರುತ್ತದೆ? ಹೊಸದೇ ಬರುತ್ತದೆಂದು ಯಾರಿಗಾದರೂ ಅನ್ನಿಸೀತು. ಮೇವನ್ ಹಾಗೆ ಮಾಡುವುದಿಲ್ಲ. ಹತ್ತಿರದ ನಂಟಿಗೆ ಅದು ಮಣೆ ಹಾಕುತ್ತದೆ. ಮೂರು ಮೆಟ್ಟಿಲು ಆಚೆ 2.0 ಇದ್ದು, ಎರಡು ಮೆಟ್ಟಿಲು ಆಚೆ 1.0 ಇದ್ದರೆ ಗೆಲ್ಲುವುದು 1.0. ದೂರ ಸಮವಾಗಿದ್ದರೆ ಪಟ್ಟಿಯಲ್ಲಿ ಮೊದಲು ಬರೆದದ್ದಕ್ಕೆ ಗೆಲುವು. ಪ್ರೋಗ್ರಾಮು ಕಂಪೈಲ್ ಆಗುವಾಗ ಎಲ್ಲ ಸರಿಯಿದ್ದಂತೆ ಕಾಣಬಹುದು. ಪರೀಕ್ಷಕರ ಮುಂದೆ ಓಡಿಸಿದಾಗ ಮಾತ್ರ, ಹಳೆಯ ಆವೃತ್ತಿಯಲ್ಲಿ ಇಲ್ಲದ ಮೆಥಡ್ ಒಂದನ್ನು ಹುಡುಕಿ ಅದು ಅರ್ಧದಲ್ಲೇ ನಿಂತುಬಿಡುತ್ತದೆ.

ಇದಕ್ಕೆ ಪರಿಹಾರವೂ ಮೇವನ್‌ನಲ್ಲಿದೆ. ಒಂದು ಪಾಮ್‌ಗೆ 'ಪೇರೆಂಟ್' ಪಾಮ್ ಇರಬಹುದು. ಅಲ್ಲಿನ ನಿರ್ಧಾರಗಳು ಮಕ್ಕಳಿಗೆ ಪಿತ್ರಾರ್ಜಿತವಾಗಿ ಬರುತ್ತವೆ. 'ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್' ಎಂಬ ಭಾಗದಲ್ಲಿ ಆವೃತ್ತಿಯನ್ನು ಒಮ್ಮೆ ನಮೂದಿಸಿದರೆ, ಆ ಲೈಬ್ರರಿ ಎಷ್ಟು ದೂರದ ನಂಟಿನಿಂದ ಬಂದರೂ ಅದೇ ಆವೃತ್ತಿ ಬರುತ್ತದೆ. ನೆನಪಿಡಬೇಕಾದ ಮಾತೆಂದರೆ, ಈ ಭಾಗ ಲೈಬ್ರರಿಯನ್ನು ತರಿಸುವುದಿಲ್ಲ. ಬಂದರೆ ಯಾವುದು ಬರಬೇಕು ಎಂದಷ್ಟೇ ಹೇಳುತ್ತದೆ. 'ಸ್ಪ್ರಿಂಗ್ ಬೂಟ್' ಬಳಸುವವರು ಅನೇಕ ಲೈಬ್ರರಿಗಳಿಗೆ ಸಂಖ್ಯೆಯನ್ನೇ ಬರೆಯದೆ ಕೆಲಸ ಸಾಗಿಸುವುದೂ ಇದರಿಂದಲೇ.

ಇದು ಅಂಕಗಳಿಗಷ್ಟೇ ಸೀಮಿತವಾದ ವಿಷಯವಲ್ಲ. 2021ರ ಡಿಸೆಂಬರಿನಲ್ಲಿ 'ಲಾಗ್‌ಫೋರ್‌ಜೆ 2' ಎಂಬ ಜಾವಾ ಲೈಬ್ರರಿಯ ದೋಷ ಬಯಲಾಯಿತು. ತಂತ್ರಾಂಶದಲ್ಲಿ ನಡೆದದ್ದನ್ನು ದಾಖಲಿಸಿಡುವುದು ಇದರ ಕೆಲಸ. ಹೊರಗಿನವರು ಕಳಿಸಿದ ಒಂದು ಸಾಲು ಹಾಗೆ ದಾಖಲಾದರೆ ಸಾಕು, ಅವರ ಕೋಡ್ ಆ ಗಣಕದಲ್ಲಿ ಓಡುವ ಅಪಾಯವಿತ್ತು. ದೋಷದ ತೀವ್ರತೆಗೆ ಸಿಕ್ಕಿದ್ದು ಹತ್ತಕ್ಕೆ ಹತ್ತು ಅಂಕ! ಮೊದಲು 2.15.0 ಬಂತು, ಅದೂ ಸಾಲದೆ ತಿಂಗಳು ಮುಗಿಯುವುದರೊಳಗೆ 2.17.1ರವರೆಗೆ ತಿದ್ದುಪಡಿಗಳಾದವು. ಅನೇಕರ ಪಾಮ್‌ನಲ್ಲಿ ಈ ಲೈಬ್ರರಿಯ ಹೆಸರೇ ಇರಲಿಲ್ಲ; ಇನ್ನೊಂದರ ಬೆನ್ನಿಗೆ ಬಂದು ಕುಳಿತಿತ್ತು. ಆವೃತ್ತಿಗಳನ್ನು ಒಂದೇ ಕಡೆ ನಿರ್ವಹಿಸಿದ್ದವರು ಅಲ್ಲಿ ಸಂಖ್ಯೆ ಬದಲಿಸಿ, ಮತ್ತೆ ಜೋಡಿಸಿ ಪರೀಕ್ಷಿಸಿದರು. ಉಳಿದವರು ಮೊದಲು ಅದು ಎಲ್ಲೆಲ್ಲಿ ಅಡಗಿದೆಯೆಂದು ಹುಡುಕಬೇಕಾಯಿತು.

ಹಾಗೆಂದು ಒಮ್ಮೆ ಕಟ್ಟಿಹಾಕಿ ಮರೆತರೂ ಕಷ್ಟವೇ. ಮುಂದೆ ಬೇರೊಂದು ಲೈಬ್ರರಿ ಹೊಸ ಆವೃತ್ತಿಯನ್ನು ಬೇಡಿದರೂ ಮೇವನ್ ಸದ್ದಿಲ್ಲದೆ ಹಳೆಯದನ್ನೇ ಕೊಡುತ್ತದೆ. ಆದ್ದರಿಂದ ವಿದ್ಯಾರ್ಥಿಗಳು 'ಡಿಪೆಂಡೆನ್ಸಿ ಟ್ರೀ' ಆದೇಶವನ್ನು ಆಗಾಗ ಓಡಿಸಿ, ಏನೇನು ಬಂದಿದೆ, ಯಾರ ಹಿಂದೆ ಬಂದಿದೆ ಎಂದು ನೋಡುವುದು ಒಳ್ಳೆಯದು. ಜಾವಾ ತಿಳಿಯದ ತಂದೆ ತಾಯಿಯರೂ ಮಕ್ಕಳನ್ನು ಒಂದು ಪ್ರಶ್ನೆ ಕೇಳಬಹುದು: 'ಇದರಲ್ಲಿ ನೀನು ಬರೆಯದೆ ಬಂದದ್ದು ಯಾವುದು?' ಉತ್ತರ ಗೊತ್ತಿದ್ದರೆ ಪ್ರಾಜೆಕ್ಟ್ ನಿಜಕ್ಕೂ ಅವರದು. ಪೇರೆಂಟ್ ಪಾಮ್ ಹೇಳಿದ್ದನ್ನು ಬದಲಿಸಲು ಮಕ್ಕಳ ಪಾಮ್‌ಗೆ ಅಧಿಕಾರವಿದೆ. ಬದಲಿಸಿದ್ದಕ್ಕೆ ಕಾರಣವನ್ನು ಪಕ್ಕದಲ್ಲೇ ಬರೆದಿಡಬೇಕು, ಅಷ್ಟೆ.