ಕಂಬಳಿ, ಗಿಂಬಳಿ ಮತ್ತು ಅದ್ಭುತರಸ

ಅಲಂಕಾರಶಾಸ್ತ್ರವನ್ನು ಪಾಠ ಹೇಳುವ ನಾವು ಅದ್ಭುತರಸಕ್ಕೆ ವಿಸ್ಮಯವು ಸ್ಥಾಯಿಭಾವವೆಂದು ಬರೆಯಿಸಿ, ಒಂದೆರಡು ಉದಾಹರಣೆ ಕೊಟ್ಟು ಮುಂದೆ ಸಾಗಿಬಿಡುತ್ತೇವೆ. ಶೃಂಗಾರಕ್ಕೆ ಎರಡು ವಾರ, ಕರುಣಕ್ಕೆ ಒಂದು ವಾರ. ಅದ್ಭುತಕ್ಕೆ ಅರ್ಧ ಗಂಟೆ. ಬೆರಗಾಗುವುದು ಮಕ್ಕಳ ಕೆಲಸ, ಓದಿದವರದಲ್ಲ ಎಂಬ ಭಾವನೆ ನಮ್ಮಲ್ಲಿ ಹೇಗೋ ಬೇರೂರಿದೆ. ಮಾಯಾಮಂತ್ರದ ಚಿತ್ರಗಳೆಂದರೆ ವಿದ್ವಾಂಸರು ಮೂಗು ಮುರಿಯುವುದೂ ಇದರಿಂದಲೇ ಇರಬೇಕು. ನಾನಾದರೋ 1957ರಲ್ಲಿ ತೆರೆಕಂಡ ತೆಲುಗಿನ ‘ಮಾಯಾಬಜಾರ್’ ಚಿತ್ರವನ್ನು ಎಷ್ಟು ಸಲ ನೋಡಿದರೂ ದಣಿಯದವನು.

ಕಥೆ ವ್ಯಾಸಭಾರತದ್ದಲ್ಲ. ಬಲರಾಮನ ಮಗಳು ಶಶಿರೇಖೆಯನ್ನು ದುರ್ಯೋಧನನ ಮಗ ಲಕ್ಷ್ಮಣಕುಮಾರನಿಗೆ ಕೊಡುವುದೆಂದು ನಿಶ್ಚಯವಾಗಿರಲು, ಘಟೋತ್ಕಚನು ತನ್ನ ಮಾಯೆಯಿಂದ ಆಕೆಯನ್ನು ಅಭಿಮನ್ಯುವಿಗೆ ಸೇರಿಸುವ ಜನಪದ ಕಲ್ಪನೆ ಅದು. ನಮ್ಮ ಯಕ್ಷಗಾನದಲ್ಲಿ ಇದೇ ವಸ್ತು ‘ಕನಕಾಂಗಿ ಕಲ್ಯಾಣ’ವಾಗಿದೆ. ನಿರ್ದೇಶಕ ಕೆ. ವಿ. ರೆಡ್ಡಿಯವರು ಪಾಂಡವರೈವರನ್ನು ತೆರೆಗೇ ತರಲಿಲ್ಲ. ಅವರಿಲ್ಲವೆಂಬುದು ನೋಡುವವರ ನೆನಪಿಗೂ ಬರುವುದಿಲ್ಲ.

ಎಸ್. ವಿ. ರಂಗರಾಯರ ಘಟೋತ್ಕಚನು ಮದುವೆಯ ಅಡಿಗೆಯ ಮುಂದೆ ಒಬ್ಬನೇ ಕುಳಿತಿರುವ ದೃಶ್ಯವನ್ನು ಬಲ್ಲವರು ಬಲ್ಲರು. ಲಾಡುಗಳು ತಾವಾಗಿಯೇ ತಟ್ಟೆಯಿಂದೆದ್ದು ಅವನ ಬಾಯಿಗೆ ಹಾರುತ್ತವೆ. ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲೆಯವರ ಕೈಚಳಕವೆಂದು ತಿಳಿದಿದ್ದೂ ಬೆರಗು ಕುಂದುವುದಿಲ್ಲ. ಇಂದು ಗಣಕಯಂತ್ರದ ನೆರವಿನಿಂದ ತೆರೆಯ ಮೇಲೆ ಬೆಟ್ಟಗಳೇ ಹಾರುತ್ತವೆ. ಅವುಗಳನ್ನು ನಾನು ಆಕಳಿಸುತ್ತ ನೋಡಿದ್ದುಂಟು. ಲಾಡಿನ ತೂಕ ನನ್ನ ಕೈಗೆ ಗೊತ್ತು, ಹಸಿವು ಹೊಟ್ಟೆಗೆ ಗೊತ್ತು; ಆದ್ದರಿಂದಲೇ ಅದು ಹಾರಿದಾಗ ಮೈ ನವಿರೇಳುತ್ತದೆ.

ಆದರೆ ಕನ್ನಡದ ಅಧ್ಯಾಪಕನಾಗಿ ನಾನು ಮಾರುಹೋದುದು ಬೇರೊಂದಕ್ಕೆ. ಊಟ-ಗೀಟ, ಕಂಬಳಿ-ಗಿಂಬಳಿ ಎಂದು ನಾವು ದಿನವೂ ಆಡುವುದಿಲ್ಲವೇ? ಈ ಪ್ರತಿಧ್ವನಿ ಪದಗಳ ಉತ್ತರಾರ್ಧಕ್ಕೆ ಸ್ವತಂತ್ರವಾದ ಅರ್ಥವಿಲ್ಲವೆಂದು ತರಗತಿಯಲ್ಲಿ ಹೇಳುತ್ತೇವೆ. ತೆಲುಗರೂ ಹಾಗೆಯೇ ಆಡುತ್ತಾರೆ. ಸಂಭಾಷಣೆ ಬರೆದ ಪಿಂಗಳಿ ನಾಗೇಂದ್ರರಾಯರು ಆ ಅರ್ಥವಿಲ್ಲದ ತುಂಡಿಗೆ ಒಂದು ಶರೀರವನ್ನೇ ಕೊಟ್ಟುಬಿಟ್ಟರು! ಕುಳಿತವರನ್ನು ಸುಮ್ಮನೆ ಕೂರಗೊಡುವುದು ಕಂಬಳಿ. ಸುತ್ತಿ ಉರುಳಿಸುವುದು ಗಿಂಬಳಿ. ಮಲಗಿಸುವುದು ತಲ್ಪ, ಮಲಗಿದವನನ್ನು ಎತ್ತಿ ಒಗೆಯುವುದು ಗಿಲ್ಪ. ಗಂಡಿನ ಕಡೆಯವರ ಫಜೀತಿಯನ್ನು ನೋಡಿ ನಗುವಾಗ ನಾವು ವ್ಯಾಕರಣದ ಒಂದು ಸೂಕ್ಷ್ಮವನ್ನು ನೋಡಿ ನಗುತ್ತಿರುತ್ತೇವೆ. ಮಾಯೆ ಇಲ್ಲಿ ಹುಟ್ಟಿದ್ದು ಕ್ಯಾಮೆರಾದೊಳಗಲ್ಲ, ಮನೆಯ ಮಾತಿನೊಳಗೆ. ನಮ್ಮ ನುಡಿಯೂ ಅದೇ ಜಾಯಮಾನದ್ದಾದುದರಿಂದ ಈ ವಿನೋದಕ್ಕೆ ಭಾಷಾಂತರ ಬೇಕಿಲ್ಲ. ಇಂಥ ಗಣಿ ನಮ್ಮಲ್ಲಿಯೂ ಇದ್ದು, ನಮ್ಮ ಚಿತ್ರಕಾರರು ಅದನ್ನು ಅಗೆಯಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಗುವುದೂ ನಿಜ.

ಇನ್ನು ಸಾವಿತ್ರಿಯವರು. ಘಟೋತ್ಕಚನು ಶಶಿರೇಖೆಯ ರೂಪ ತಾಳಿದಾಗ ಆ ಕೋಮಲ ಶರೀರದೊಳಗೆ ರಾಕ್ಷಸನ ಹೆಜ್ಜೆ, ರಾಕ್ಷಸನ ನೋಟ! ಅಲ್ಲಿ ತಂತ್ರವೇನೂ ಇಲ್ಲ. ನಟಿಯೊಬ್ಬಳು ತಾನೇ ಮಾಯೆಯಾಗಿ ನಿಂತಿದ್ದಾಳೆ. ಅದ್ಭುತವನ್ನು ಹಾಸ್ಯದಿಂದ ಬೇರ್ಪಡಿಸಿ ಪಾಠ ಮಾಡುವವರು ಈ ಭಾಗವನ್ನು ಒಮ್ಮೆ ನೋಡಬೇಕು.

2010ರಲ್ಲಿ ಈ ಚಿತ್ರಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ಪ್ರೇಮಿಗಳು ದೋಣಿಯಲ್ಲಿ ತೇಲುವಾಗಿನ ಆ ಬೆಳದಿಂಗಳನ್ನು ಬಾರ್ಟ್ಲೆಯವರು ಕಪ್ಪು ಬಿಳುಪಿನಲ್ಲಿಯೇ ಪೂರ್ತಿಯಾಗಿ ಕೊಟ್ಟಿದ್ದರು. ಅದರ ಮೇಲೆ ಬಣ್ಣ ಬಳಿಯುವ ಅಗತ್ಯವೇನಿತ್ತೋ ನಾನರಿಯೆ. ಲಾಡುಗಳಿಗೆ ಬಣ್ಣ ಬಂದುದಕ್ಕೆ ಮಾತ್ರ ನನ್ನ ತಕರಾರಿಲ್ಲ.