ನೆಗೆಟಿವ್‌ನಲ್ಲಿ ಅಳಿಸಿಹೋದವಳು

ಹಳೇ ಫೋಟೊ, ಕಾಲಪ್ರಯಾಣ, ಪ್ರೇಮ, ದೆವ್ವ ಬೆರೆತ ಕಾದಂಬರಿ ಪರದೇಶದ ಸರಕು, ನಮ್ಮ ನೆಲಕ್ಕೆ ಒಗ್ಗದು ಎಂಬ ಬರಹ ಓದಿ ಸಿಟ್ಟೇ ಬಂತು. ಫೋಟೊ ನಮ್ಮ ನೆಲಕ್ಕೇನು ಹೊಸದೇ? 1855ರಲ್ಲೇ ಥಾಮಸ್ ಬಿಗ್ಸ್ ಸರ್ಕಾರದ ಛಾಯಾಗ್ರಾಹಕನಾಗಿ ಬಾದಾಮಿ, ಐಹೊಳೆಯ ಗುಡಿಗಳನ್ನು ಸೆರೆಹಿಡಿದ. ಆ ಕಾಲದ ಚಿತ್ರಗಳೇ 1866ರಲ್ಲಿ ಧಾರವಾಡ–ಮೈಸೂರು ವಾಸ್ತುಶಿಲ್ಪದ ಗ್ರಂಥವಾದವು. ಹಂಪಿಯಲ್ಲಿ 1856ರಲ್ಲಿ ಗ್ರೀನ್‌ಲಾ ಎಂಬ ಛಾಯಾಗ್ರಾಹಕ ಬಳಸಿದ್ದು ಮೇಣ ಹಿಡಿಸಿದ ಕಾಗದದ ನೆಗೆಟಿವ್. ಅದು ಬೆಳಕು ಹೀರಲು ನಿಮಿಷಗಟ್ಟಲೆ ಬೇಕು. ಕಲ್ಲು ನಿಂತಲ್ಲೇ ನಿಂತಿತ್ತು, ಮೂಡಿತು. ಎದುರು ನಡೆದುಹೋದವಳು ಅಳಿಸಿಹೋದಳು; ತುಸು ಹೊತ್ತು ನಿಂತಿದ್ದರೆ ಬರೀ ಮಬ್ಬು ನೆರಳು. ಆ ನೆರಳಿಗೆ ಮನಸೋತು 1856ಕ್ಕೆ ಇಳಿಯುವ ಹುಡುಗನ ಕಥೆ ನಮ್ಮದಲ್ಲದೆ ಇನ್ಯಾರದ್ರೀ?