ಊರಿಗೆಲ್ಲ ಒಬ್ಬ ಅಜ್ಜ

ನಮ್ಮ ಸೀಮೆಯ ಆಡುಮಾತಿನಲ್ಲಿ ‘ಅಜ್ಜ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ತಂದೆಯ ತಂದೆಯೂ ತಾಯಿಯ ತಂದೆಯೂ ಅಜ್ಜಂದಿರು. ಮಠದ ಪೀಠದಲ್ಲಿ ಕುಳಿತ ಸ್ವಾಮಿಗಳೂ ಅಜ್ಜನವರೇ. ಬೇರೆ ಸೀಮೆಯಿಂದ ಬಂದ ಮಿತ್ರರಿಗೆ ಇದು ವಿಚಿತ್ರವಾಗಿ ತೋರುವುದುಂಟು. ಸಂಸಾರವನ್ನೇ ಕಟ್ಟಿಕೊಳ್ಳದ ವಿರಕ್ತನಿಗೆ ಮೊಮ್ಮಕ್ಕಳು ಎಲ್ಲಿಂದ ಬಂದರು ಎಂದು ಅವರು ಕೇಳುತ್ತಾರೆ. ಆದರೆ ಜನರ ಮಾತಿಗೆ ನಿಘಂಟಿಗಿಂತ ಹೆಚ್ಚಿನ ವಿವೇಕವಿರುತ್ತದೆ. ಮನೆಯಲ್ಲಿ ಅಜ್ಜನೆಂದರೆ ಯಾರು? ಮಕ್ಕಳೆಲ್ಲ ಉಂಡರೇ ಎಂದು ವಿಚಾರಿಸಿಕೊಂಡ ಬಳಿಕ ತಾಟಿನ ಮುಂದೆ ಕುಳಿತುಕೊಳ್ಳುವವನು. ಆ ಅರ್ಥದಲ್ಲಿ ನೋಡಿದರೆ ಹಾನಗಲ್ ಸೀಮೆಯಲ್ಲಿ ಹುಟ್ಟಿ, ಗದಗಿನಲ್ಲಿ ಬಾಳಿ, 96 ವರ್ಷಗಳ ತುಂಬುಜೀವನವನ್ನು ನಡೆಸಿದ ಪಂಡಿತ ಪುಟ್ಟರಾಜ ಗವಾಯಿಗಳನ್ನು ಜನರು ‘ಗವಾಯಿ ಅಜ್ಜ’ ಎಂದು ಕರೆದುದು ಎಷ್ಟೊಂದು ಸಹಜ!

ಹಾನಗಲ್ ತಾಲೂಕು ಮಲೆನಾಡೂ ಅಲ್ಲ, ಪೂರ್ತಿ ಬಯಲುಸೀಮೆಯೂ ಅಲ್ಲ. ಎರಡೂ ಕೈಕುಲುಕುವ ಸ್ಥಳ. ಶಾಸನಗಳಲ್ಲಿ ಪಾನುಂಗಲ್ ಎಂದು ಹೆಸರಾದ ಈ ಪಟ್ಟಣಕ್ಕೆ ಬಂದವರು ತಾರಕೇಶ್ವರ ಗುಡಿಯ ಛತ್ತಿನ ಕಲ್ಲುಕಮಲವನ್ನು ಕತ್ತೆತ್ತಿ ನೋಡಿ, ಆನೆಕೆರೆಯ ದಂಡೆಯಲ್ಲಿ ಒಂದಿಷ್ಟು ಗಾಳಿ ಸೇವಿಸಿ ಮರಳುತ್ತಾರೆ. ಸುತ್ತಲಿನ ಹಳ್ಳಿಗಳಲ್ಲಿ ಭತ್ತದ ಗದ್ದೆಗಳು, ಮಳೆಯನ್ನು ನೆಚ್ಚಿದ ಒಕ್ಕಲುತನ. ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿಯವರು ತಮ್ಮ ಹೆಸರಿನೊಡನೆ ಹಾನಗಲ್ಲನ್ನು ನಾಡಿನಾಚೆಗೂ ಕೊಂಡೊಯ್ದರೆಂಬುದನ್ನು ಸಂಗೀತ ಬಲ್ಲವರೆಲ್ಲ ಅರಿತಿದ್ದಾರೆ. ಆದರೆ ಇದೇ ತಾಲೂಕಿನ ಎರಡು ಹಳ್ಳಿಗಳಿಂದ ಇಬ್ಬರು ಕುರುಡು ಬಾಲಕರು ಹೊರಟು, ನೂರಾರು ಅಂಧರಿಗೆ ದಾರಿ ತೋರಿದರೆಂಬುದು ಅದಕ್ಕಿಂತಲೂ ದೊಡ್ಡ ಸಂಗತಿಯೆಂದು ನನಗೆ ತೋರುತ್ತದೆ.

ಪುಟ್ಟರಾಜರು ಹುಟ್ಟಿದ್ದು 1914ರ ಮಾರ್ಚ್ 3ರಂದು, ದೇವರ ಹೊಸಪೇಟೆಯಲ್ಲಿ. ಎಳೆಯ ಹಸುಳೆಯಾಗಿದ್ದಾಗಲೇ ದೃಷ್ಟಿ ಹೋಯಿತು. ಬಾಲ್ಯದಲ್ಲಿಯೇ ತಂದೆತಾಯಿಗಳನ್ನೂ ಕಳೆದುಕೊಂಡು ಸೋದರಮಾವನ ಆಶ್ರಯದಲ್ಲಿ ಬೆಳೆದರು. ಆ ಕಾಲದ ಹಳ್ಳಿಯಲ್ಲಿ ಕುರುಡು ಮಗುವಿನ ಪಾಡೇನೆಂಬುದನ್ನು ಇಂದಿನ ಓದುಗರು ಊಹಿಸುವುದು ಕಷ್ಟ. ಸಿಡುಬು, ಕಣ್ಣುಬೇನೆ, ಪುಷ್ಟಿಯಿಲ್ಲದ ಆಹಾರ ಇವು ಎಷ್ಟೋ ಮಕ್ಕಳ ಕಣ್ಣುಗಳನ್ನು ಕಸಿದುಕೊಳ್ಳುತ್ತಿದ್ದವು. ಹೊಲದ ಕೆಲಸಕ್ಕೆ ಒದಗದ, ಸಾಲೆಗೆ ಸೇರದ ಮಗು ಹಟ್ಟಿಯ ಮೂಲೆಯಲ್ಲಿ ಬೆಳೆದು, ಹಿರಿಯರು ತೀರಿಕೊಂಡ ಬಳಿಕ ಗುಡಿಯ ಬಾಗಿಲಲ್ಲಿಯೋ ಸಂತೆಯ ಹಾದಿಯಲ್ಲಿಯೋ ಕೈಯೊಡ್ಡಿ ಕುಳಿತುಕೊಳ್ಳಬೇಕಾಗಿತ್ತು. ಯಾರೂ ಕ್ರೂರಿಗಳಾಗಿದ್ದರೆಂದಲ್ಲ, ಬೇರೆ ದಾರಿ ಯಾರಿಗೂ ಕಂಡಿರಲಿಲ್ಲ, ಅಷ್ಟೆ. ಈ ಹುಡುಗನ ಬೆರಳುಗಳು ಹಾರ್ಮೋನಿಯಂ ಮೇಲೆ ತಾವಾಗಿಯೇ ಸ್ವರಗಳನ್ನು ಹುಡುಕಿಕೊಳ್ಳುತ್ತಿದ್ದುದನ್ನು ಸೋದರಮಾವ ಗಮನಿಸಿದರು. ಗಮನಿಸಿ ಸುಮ್ಮನಾಗದೆ, ಕೈಹಿಡಿದು ಪಂಚಾಕ್ಷರ ಗವಾಯಿಗಳ ಬಳಿಗೆ ಕರೆದೊಯ್ದರು. ಪುಟ್ಟರಾಜರ ಕೀರ್ತಿಯನ್ನು ಹೊಗಳುವಾಗ ಆ ಸೋದರಮಾವನನ್ನು ನಾವು ಮರೆಯಬಾರದು.

ಪಂಚಾಕ್ಷರ ಗವಾಯಿಗಳೂ ಹುಟ್ಟುಕುರುಡರು, ಅವರೂ ಹಾನಗಲ್ ತಾಲೂಕಿನವರೇ. 1892ರಲ್ಲಿ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದ ಈ ಬಾಲಕನ ಕಂಠವನ್ನು ಕೇಳಿ, ಆತನ ಶಿಕ್ಷಣದ ಭಾರವನ್ನು ಹೊತ್ತವರು ಹಾನಗಲ್ ವಿರಕ್ತಮಠದ ಕುಮಾರಸ್ವಾಮಿಗಳು. 1909ರಲ್ಲಿ ಬಾದಾಮಿಯ ಬಳಿ ಶಿವಯೋಗ ಮಂದಿರವನ್ನು ಸ್ಥಾಪಿಸಿದ ಮಹನೀಯರು. ಬಾಲಕನು ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳನ್ನು ಕಲಿತು ಉಭಯಗಾನ ವಿಶಾರದನೆನಿಸಿದನು. ಮುಂದೆ ತಾನು ಪಡೆದುದನ್ನು ತನ್ನಂಥವರಿಗೆ ಹಂಚತೊಡಗಿದನು. ಗದಗಿನ ವೀರೇಶ್ವರ ಪುಣ್ಯಾಶ್ರಮ ಹೀಗೆ ಬೆಳೆದು ನಿಂತ ಸಂಸ್ಥೆ. ಜಾತಿಯ ಕಟ್ಟಿಲ್ಲ, ಶುಲ್ಕವಿಲ್ಲ. ಅಂಧರಿಗೂ ಅಂಗವಿಕಲರಿಗೂ ಅನಾಥರಿಗೂ ಅನ್ನ, ವಸತಿ, ಸಂಗೀತ.

ಪಂಚಾಕ್ಷರ ಗವಾಯಿಗಳು 1944ರಲ್ಲಿ ತೀರಿಕೊಂಡಾಗ ಪುಟ್ಟರಾಜರಿಗೆ ವಯಸ್ಸು ಮೂವತ್ತು. ಮೂವತ್ತೆಂದರೆ ಏನೆಂಬುದನ್ನು ಆ ಹರೆಯವನ್ನು ಈಗಷ್ಟೇ ದಾಟಿರುವ ನನ್ನಂಥ ಅಧ್ಯಾಪಕನು ಬಲ್ಲನು. ತಿಂಗಳ ಸಂಬಳವನ್ನು ನೆಚ್ಚಿ ನಾಲ್ಕು ಜನರ ಸಂಸಾರವನ್ನು ತೂಗಿಸುವುದೇ ನಮಗೆ ಸಾಹಸವೆನಿಸುವ ಕಾಲ ಅದು. ಆಗ ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ, ಕಾಳುಕಡಿ ದುಬಾರಿ. ಕಣ್ಣಿಲ್ಲದ ತರುಣನೊಬ್ಬ ಕಣ್ಣಿಲ್ಲದ ಮಕ್ಕಳ ಒಲೆಯನ್ನು ಆರದಂತೆ ಕಾಯುವ ಹೊಣೆಯನ್ನು ಹೊತ್ತನು. ಅಂದಿನಿಂದ 2010ರವರೆಗೆ, ಅಂದರೆ 66 ವರ್ಷಗಳ ಕಾಲ, ಆ ಒಲೆ ಆರಲಿಲ್ಲ. ಅವರ ಜೀವನಚರಿತ್ರೆಯ ತಿರುಳು ಇಷ್ಟೇ ಎಂದರೂ ತಪ್ಪಾಗಲಾರದು.

ಒಲೆ ಹೇಗೆ ಉರಿಯಿತು? ಪವಾಡದಿಂದಲ್ಲ. ಆಶ್ರಮವು ನಾಟಕ ಮಂಡಳಿಯನ್ನು ಕಟ್ಟಿತು. ಪುಟ್ಟರಾಜರು ನಾಟಕಗಳನ್ನು ರಚಿಸಿದರು, ಅವಕ್ಕೆ ಸಂಗೀತವನ್ನೂ ಕೂಡಿಸಿದರು. ಊರೂರಿಗೆ ಹೋಗಿ ಹಾಡಿದರು, ಕೀರ್ತನ ಪುರಾಣಗಳಿಗೆ ಕುಳಿತರು. ಭಕ್ತರು ಅವರನ್ನು ತಕ್ಕಡಿಯಲ್ಲಿ ಕುಳ್ಳಿರಿಸಿ ನಾಣ್ಯಗಳಿಂದ ತುಲಾಭಾರ ಮಾಡಿದರು. ಆ ನಾಣ್ಯಗಳು ಆಶ್ರಮದ ಮಕ್ಕಳ ಅನ್ನವಾದವು. ತೂಗಿಸಿಕೊಂಡವರಿಗೆ ಸುಖವಿತ್ತೆಂದು ಯಾರಾದರೂ ಭಾವಿಸಿದರೆ, ಮುಪ್ಪಿನ ದೇಹವನ್ನು ಊರಿಂದೂರಿಗೆ ಸಾಗಿಸಿ, ಜಾತ್ರೆಯ ಗದ್ದಲದಲ್ಲಿ ತಕ್ಕಡಿಯ ತಟ್ಟೆಯ ಮೇಲೆ ಕುಳಿತು ನೋಡಬೇಕು.

ಈ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ನಮ್ಮ ಹಳ್ಳಿಗಳಿದ್ದವು. ನನ್ನ ಅಜ್ಜ ಇದೇ ತಾಲೂಕಿನ ಸಾಮಾನ್ಯ ರೈತ, ಸಂಗೀತದ ಗಂಧವಿದ್ದವನಲ್ಲ. ಕಣದಲ್ಲಿ ರಾಶಿ ಅಳೆಯುವಾಗ ಮೊದಲನೆಯ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎಂದೆಣಿಸುವುದು ನಮ್ಮ ಕಡೆಯ ವಾಡಿಕೆ. ಆ ಲಾಭದ ಕೊಳಗವನ್ನು ಆತ ಬೇರೆಯಾಗಿ ತೆಗೆದಿಡುತ್ತಿದ್ದ. ಗವಾಯಿ ಅಜ್ಜನ ಮಕ್ಕಳಿಗೆಂದು. ಮಳೆ ಕೈಕೊಟ್ಟ ವರುಷ ಮನೆಯ ಹೆಂಗಸರು ಗೊಣಗಿದರೆ, “ಕೊಟ್ಟ ಮೇಲೆ ಉಳಿದದ್ದು ನಮ್ಮದು, ಉಳಿದ ಮೇಲೆ ಕೊಡೋದು ಭಿಕ್ಷೆ” ಎಂದು ಹೇಳಿ ಮಾತು ಮುಗಿಸುತ್ತಿದ್ದ. ಇಂಥ ಹೆಸರಿಲ್ಲದ ಕೊಳಗಗಳು ಎಷ್ಟು ಸೇರಿ ಒಂದು ಸಂಸ್ಥೆಯಾಯಿತೆಂದು ಲೆಕ್ಕವಿಟ್ಟವರಾರು?

ಅನ್ನದೊಡನೆ ವಿದ್ಯೆಯ ಮಾತೂ ಬರಬೇಕು. ಗುರು ಒಂದು ಸ್ವರಸಂಚಾರವನ್ನು ಹಾಡುವನು, ಶಿಷ್ಯನು ಅದನ್ನೇ ಮರಳಿ ಹಾಡುವನು. ತಪ್ಪಿದರೆ ಮತ್ತೊಮ್ಮೆ, ಮಗದೊಮ್ಮೆ. ಕಣ್ಣಿದ್ದವನು ಬರೆದುಕೊಂಡು ಮರೆಯಬಹುದು. ಕಣ್ಣಿಲ್ಲದವನಿಗೆ ಆ ಅನುಕೂಲವಿಲ್ಲವಾದ್ದರಿಂದ ಕಲಿತದ್ದು ನೆನಪಿನಲ್ಲಿ ಬೇರೂರುತ್ತದೆ. ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಮುಂತಾದ ಅನೇಕ ವಾದ್ಯಗಳಲ್ಲಿ ಪುಟ್ಟರಾಜರ ಕೈ ಪಳಗಿತ್ತು. ಕನ್ನಡ, ಸಂಸ್ಕೃತ, ಹಿಂದಿ ಮೂರು ಭಾಷೆಗಳಲ್ಲಿ ಅವರು ಗ್ರಂಥಗಳನ್ನು ರಚಿಸಿದರು. ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ಇಳಿಸಿದರು. ಪಂಚಾಕ್ಷರರ ಬಳಿ ಕಲಿತ ಬಸವರಾಜ ರಾಜಗುರು, ಪುಟ್ಟರಾಜರ ಬಳಿ ಕಲಿತ ವೆಂಕಟೇಶ ಕುಮಾರ ಇಂಥವರ ಹೆಸರು ದೇಶಕ್ಕೆಲ್ಲ ಗೊತ್ತು. ಆದರೆ ನನಗೆ ಹೆಚ್ಚು ಮುಖ್ಯರಾಗಿ ಕಾಣುವವರು ಹೆಸರಾಗದ ಶಿಷ್ಯರು: ಸಾಲೆಯಲ್ಲಿ ಸಂಗೀತ ಹೇಳಿಕೊಡುವ ಅಂಧ ಶಿಕ್ಷಕ, ಪುರಾಣಕ್ಕೆ ತಬಲಾ ಸಾಥಿ ನೀಡುವವನು, ಭಜನಾ ಮಂಡಳಿಯ ಪೇಟಿ ಮಾಸ್ತರ. ಭಿಕ್ಷೆಗೆ ಚಾಚಬೇಕಾಗಿದ್ದ ಕೈ ಪೇಟಿಯ ಮೇಲೆ ಓಡಾಡಿ ಮನೆಮಂದಿಯನ್ನು ಸಾಕಿತೆಂದರೆ, ಅದಕ್ಕಿಂತ ದೊಡ್ಡ ಕಚೇರಿ ಯಾವುದಿದೆ?

ದೀರ್ಘಾಯುಷ್ಯವೆಂಬುದು ತನ್ನಷ್ಟಕ್ಕೆ ಒಂದು ಗುಣವಲ್ಲ. ಪುಟ್ಟರಾಜರು ಹುಟ್ಟಿದಾಗ ಹಾನಗಲ್ ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. 1947ರಲ್ಲಿ ಸ್ವಾತಂತ್ರ್ಯ ಬಂತು, 1956ರಲ್ಲಿ ನಾಡು ಒಂದಾಯಿತು, 1973ರಲ್ಲಿ ಕರ್ನಾಟಕವೆಂಬ ಹೆಸರು ಮರಳಿತು. ಅವರ ಹುಟ್ಟೂರಿನ ಹಾವೇರಿಯೂ ಕರ್ಮಭೂಮಿಯ ಗದಗವೂ 1997ರಲ್ಲಿ ಒಟ್ಟಿಗೇ ಧಾರವಾಡದಿಂದ ಬೇರ್ಪಟ್ಟು ಜಿಲ್ಲೆಗಳಾದವು. ಎಷ್ಟೋ ಮಕ್ಕಳ ಕಣ್ಣು ಕಸಿದ ಸಿಡುಬು ಜಗತ್ತಿನಿಂದಲೇ ತೊಲಗಿತೆಂದು 1980ರಲ್ಲಿ ಘೋಷಣೆಯಾಯಿತು. ಇಷ್ಟೆಲ್ಲ ಬದಲಾವಣೆಗಳ ನಡುವೆ ಅವರ ದಿನಚರಿಯಲ್ಲಿ ಬದಲಾಗದೆ ಉಳಿದದ್ದು ಪೂಜೆ, ಪಾಠ, ಪಂಕ್ತಿ ಈ ಮೂರೇ. 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂತು. ಅದೇ ವರ್ಷದ ಸೆಪ್ಟೆಂಬರ್ 17ರಂದು ಅಜ್ಜನವರು ತೀರಿಕೊಂಡರು. ಅಂದು ಗದಗಿನ ಬೀದಿಗಳಲ್ಲಿ ಹರಿದುಬಂದ ಜನಸಾಗರದಲ್ಲಿ ಅತ್ತವರಲ್ಲಿ ಬಹುಮಂದಿ ಅವರ ಸಂಗೀತದ ಮರ್ಮವನ್ನು ತಿಳಿದವರಾಗಿರಲಿಲ್ಲ. ಮನೆಯ ಹಿರಿಯನು ಹೋದಾಗ ಆತನ ಪಾಂಡಿತ್ಯವನ್ನು ಅಳೆದು ಯಾರೂ ಅಳುವುದಿಲ್ಲವಷ್ಟೆ.

ಅವರನ್ನು ‘ನಡೆದಾಡುವ ದೇವರು’ ಎಂದು ಕರೆಯುವುದೂ ರೂಢಿಯಲ್ಲಿದೆ. ಭಕ್ತರ ಭಾವನೆಗೆ ನಾನು ಅಡ್ಡಬರಲಾರೆ. ಆದರೆ ಇದರಲ್ಲಿ ಒಂದು ಅಪಾಯ ಅಡಗಿದೆಯೆಂಬುದನ್ನು ವಿನಯದಿಂದ ಸೂಚಿಸಬೇಕಾಗಿದೆ. ದೇವರೆಂದ ಕೂಡಲೇ ಆತನು ಮಾಡಿದ್ದೆಲ್ಲ ಆತನಿಗೆ ಸುಲಭವಾಯಿತು. ನಮ್ಮ ಪಾಲಿಗೆ ಕೈಮುಗಿಯುವುದೊಂದೇ ಉಳಿಯಿತು. ದೇವರಿಗೆ ಒಲೆಯ ಕಟ್ಟಿಗೆಯ ಚಿಂತೆಯಿಲ್ಲ. ಅಜ್ಜನಿಗೆ ಇತ್ತು. ದೇವರ ಕೆಲಸವನ್ನು ಮುಂದುವರಿಸಬೇಕೆಂದು ಯಾರನ್ನೂ ಕೇಳಲಾಗದು. ಅಜ್ಜನ ಕೆಲಸವನ್ನು ಮುಂದುವರಿಸುವುದು ಮೊಮ್ಮಕ್ಕಳ ಸಹಜ ಧರ್ಮ. ಕುಮಾರಸ್ವಾಮಿಗಳು ಒಬ್ಬ ಅಂಧ ಬಾಲಕನನ್ನು ಗುರುತಿಸಿದರು, ಆ ಬಾಲಕನು ಇನ್ನೊಬ್ಬನನ್ನು ಬೆಳೆಸಿದನು, ಆ ಇನ್ನೊಬ್ಬನು ಅಸಂಖ್ಯರನ್ನು. ಈ ಸರಪಳಿಯ ಒಂದೊಂದು ಕೊಂಡಿಯೂ ಮನುಷ್ಯನದೇ.

ನಮ್ಮ ಪಟ್ಟಣಗಳ ಮನೆಗಳಲ್ಲಿ ಇಂದು ಅಜ್ಜಂದಿರು ವಿರಳರಾಗುತ್ತಿದ್ದಾರೆ. ಇದ್ದರೂ ಗೋಡೆಯ ಮೇಲಿನ ಪಟದಲ್ಲಿ ಇರುವವರೇ ಹೆಚ್ಚು. ಪಟಕ್ಕೆ ಹೂಮಾಲೆ ಹಾಕುವುದು ಸುಲಭ. ಅವರು ಮೊದಲನೆಯ ಕೊಳಗವನ್ನು ಯಾರಿಗೆಂದು ತೆಗೆದಿಡುತ್ತಿದ್ದರು ಎಂಬುದನ್ನು ವಿಚಾರಿಸಿ ತಿಳಿದು, ಈ ತಿಂಗಳ ಸಂಬಳದಲ್ಲಿಯೂ ಆ ಪಾಲನ್ನು ಮೊದಲೇ ಎತ್ತಿಡುವುದು ತುಸು ಕಷ್ಟದ ಕೆಲಸ. ಕೆಲವರಾದರೂ ಅದನ್ನು ಮಾಡುತ್ತಿರುವುದರಿಂದಲೇ ಇಂಥ ಒಲೆಗಳು ಇನ್ನೂ ಉರಿಯುತ್ತಿವೆ.